ಗ್ಯಾರೇಜಿನ ಗಂಗೆ

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆಯಿದೆ. ಆದರೆ ನೀರು ಕುಡಿದವಳೇ ಉಪ್ಪು ತಿಂದಂತಾದರೆ ಯಾರನ್ನು ದೂರುವುದು? ಈ ಗಹನವಾದ ಪ್ರಶ್ನೆ ಡೆಲ್ಮರ್ ಕ್ವಾಮೆಗೆ ಹೊಳೆದದ್ದು ಏಪ್ರಿಲಿನ ಒಂದು ಬೆಳಗ್ಗೆ, ಸ್ವಂತ ಮನೆಯ ನೆಲಮಾಳಿಗೆಯಲ್ಲಿ, ಹೆಗಲ ಮೇಲೆ ಉಪ್ಪಿನ ಮೂಟೆ ಇದ್ದಾಗ. (ದೊಡ್ಡ ದೊಡ್ಡ ಜ್ಞಾನಿಗಳಿಗೆ ಮರದ ಕೆಳಗೆ ಹೊಳೆದಿದೆ. ಅಮೆರಿಕದ ಅಯೋವಾದಲ್ಲಿ ಏಪ್ರಿಲ್ ತಿಂಗಳಿನಲ್ಲಿ ಮರದ ಕೆಳಗೆ ಕೂತರೆ ನೆಗಡಿಯಾಗುತ್ತದೆ.)

ಆ ಸೀಮೆಯ ನೆಲದಡಿಯೆಲ್ಲ ಸುಣ್ಣಕಲ್ಲು. ಬಾವಿಯಿಂದ ಬರುವ ನೀರು ಎಷ್ಟು ಗಡಸೆಂದರೆ, ಅದರ ಮುಂದೆ ಸೋಪು ನೊರೆಬಿಡುವುದಕ್ಕೂ ಅಂಜುತ್ತದೆ. ಅದಕ್ಕಾಗಿ ಮನೆಮನೆಯ ನೆಲಮಾಳಿಗೆಯಲ್ಲೂ ನೀರನ್ನು ಮೆದು ಮಾಡುವ ಯಂತ್ರವೊಂದು ಗುರುಗುಟ್ಟುತ್ತ ನಿಂತಿರುತ್ತದೆ. ಅದರ ಹೊಟ್ಟೆಗೆ ಉಪ್ಪು ಸುರಿದರೆ, ಒರಟು ನೀರು ಕಾನ್ವೆಂಟಿನ ಮದರ್ ಸುಪೀರಿಯರ್ ಎದುರು ನಿಂತ ಹುಡುಗಿಯಂತೆ ಮೆತ್ತಗಾಗಿ ನಲ್ಲಿಗೆ ಬರುತ್ತದೆ. ಮದುವೆಯಾದಾಗಿನಿಂದ ಡೆಲ್ಮರನ ಗೃಹಕೃತ್ಯಗಳಲ್ಲಿ ಮುಖ್ಯವಾದದ್ದು ಈ ಉಪ್ಪು ಹೊರುವುದೇ.

ಹಿಂದಿನ ಭಾನುವಾರ ಚರ್ಚಿನ ಅಡುಗೆಮನೆಯಲ್ಲಿ ಉಪ್ಪೂರಿಸಿದ ಹಂದಿಮಾಂಸದ ಹ್ಯಾಮ್ ಬನ್ನುಗಳನ್ನು ಜೋಡಿಸುತ್ತಿದ್ದ ಅವನ ಹೆಂಡತಿ ಆರ್ಡಿಸ್ ತಲೆ ತಿರುಗಿ ಮಡಚು ಕುರ್ಚಿಯ ಮೇಲೆ ಕುಸಿದಿದ್ದಳು. ಕ್ಲಿನಿಕ್ಕಿನ ನರ್ಸು ರಕ್ತದೊತ್ತಡ ನೋಡಿ, "ಉಪ್ಪು ಕಡಿಮೆ ಮಾಡಿ" ಎಂದಿದ್ದಳು. ಆರ್ಡಿಸ್ ನಕ್ಕು ಮನೆಗೆ ಬಂದು ಕಾಫಿಗಿಟ್ಟಳು. ಡೆಲ್ಮರ್ ನಗಲಿಲ್ಲ. ಆರ್ಡಿಸ್ ಇಲ್ಲದ ಅಡುಗೆಮನೆ ಹೇಗಿರುತ್ತದೆಂದು ಒಂದು ಕ್ಷಣ ಊಹಿಸಿಕೊಂಡ. ಆ ಊಹೆಯೊಳಗೆ ತನ್ನ ಕುರ್ಚಿ ಎಲ್ಲಿದೆಯೆಂಬುದೇ ಅವನಿಗೆ ತಿಳಿಯಲಿಲ್ಲ. ಆದರೆ ಆ ಕಡೆಯ ಗಂಡಸರು ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳುವವರಲ್ಲ. ಎದೆ ಭಾರವಾದರೆ ಹವಾಮಾನದ ಮಾತಾಡುತ್ತಾರೆ. ಡೆಲ್ಮರ್, "ಈ ಸಲ ಗಾಳಿ ಜಾಸ್ತಿ" ಎಂದಷ್ಟೇ ಹೇಳಿ ಉಪ್ಪಿನ ಡಬ್ಬಿಯನ್ನು ಊಟದ ಮೇಜಿನಿಂದ ಗಡೀಪಾರು ಮಾಡಿದ್ದ.

ಈಗ ಹೆಗಲ ಮೇಲೆ ಅದೇ ಉಪ್ಪು, ಮೂಟೆಗಟ್ಟಲೆ. ಅವನು ಮೂಟೆ ಇಳಿಸಿ, ಮೆಟ್ಟಿಲು ಹತ್ತಿ ಬಂದ.

"ಇನ್ಮೇಲೆ ಈ ನಲ್ಲಿ ನೀರು ಕುಡಿಯೋ ಹಾಗಿಲ್ಲ."

ಆರ್ಡಿಸ್ ಕೆಟಲು ತುಂಬುತ್ತಿದ್ದಳು. "ಯಾಕೆ, ಬಾವಿಗೇನಾದ್ರೂ ಬಿತ್ತಾ?"

"ಉಪ್ಪು ಬಿತ್ತು. ನಾನೇ ಹಾಕಿದ್ದು. ಇಷ್ಟು ವರ್ಷ ಹೊತ್ತು ಹೊತ್ತು ತಂದು ನಿನ್ನ ಹೊಟ್ಟೆಗೇ ಹಾಕಿದೀನಿ."

"ಅಯ್ಯೋ ಮಾರಾಯ, ಊರೆಲ್ಲ ಇದೇ ನೀರು ಕುಡಿಯುತ್ತೆ. ಆ ನರ್ಸಿಗೇ ಒಂದು ಫೋನ್ ಮಾಡಿ ಕೇಳು."

ಡೆಲ್ಮರ್ ಕೇಳಿದ. ನರ್ಸು ಸಮಾಧಾನವಾಗಿಯೇ ಹೇಳಿದಳು: "ಒಂದು ಲೋಟದಲ್ಲಿ ಒಂದು ತುಂಡು ಬ್ರೆಡ್ಡಲ್ಲಿರೋ ಅಷ್ಟೂ ಉಪ್ಪಿರಲ್ಲ. ಹೆಚ್ಚಿನವರಿಗೆ ಏನೂ ತೊಂದ್ರೆ ಇಲ್ಲ. ನಿಮಗೆ ಮನಸ್ಸಿಗೆ ಸಮಾಧಾನ ಆಗದಿದ್ರೆ ಕುಡಿಯೋಕೆ ಮೆದು ಮಾಡದ ನೀರು ಇಟ್ಕೊಳ್ಳಿ. ಅದಕ್ಕೂ ಮೊದ್ಲು ಆ ಹ್ಯಾಮ್ ಕಡಿಮೆ ಮಾಡಿಸಿ." ಇಷ್ಟು ಮಾತಿನಲ್ಲಿ ಡೆಲ್ಮರನ ಕಿವಿಗೆ ಬಿದ್ದದ್ದು "ಮೆದು ಮಾಡದ ನೀರು" ಎಂಬುದೊಂದೇ. ಗಂಡಂದಿರ ಕಿವಿಯಲ್ಲೂ ಒಂದು ಸೋಸುವ ಯಂತ್ರವಿರುತ್ತದೆ. ಅದಕ್ಕೆ ಯಾವ ಉಪ್ಪೂ ಬೇಕಿಲ್ಲ.

ಮೆದು ಮಾಡದ ನೀರು ಎಲ್ಲಿ ಸಿಗುತ್ತದೆಂದು ಆ ಜಿಲ್ಲೆಯಲ್ಲಿ ಕೂಸಿಗೂ ಗೊತ್ತು: ಹೊರಗಿನ ನಲ್ಲಿಯಲ್ಲಿ. ಹುಲ್ಲಿಗೆ ಹಾಕುವ ನೀರಿಗೆ ಯಾವ ಮೂರ್ಖ ಉಪ್ಪು ದಂಡ ಮಾಡುತ್ತಾನೆ? ಡೆಲ್ಮರನ ಮನೆಯಲ್ಲಿ ಹೊರಗಿನ ನಲ್ಲಿ ಇದ್ದದ್ದು ಗ್ಯಾರೇಜಿನ ಪಕ್ಕದ ಗೋಡೆಯಲ್ಲಿ.

"ಡೆಲ್, ಅಮ್ಮ ಇಲ್ಲಿದ್ದಾಗ ನೀನು ಈ ಸಿಂಕಿನ ಕೆಳಗೆ ಮಲಗಿ ಏನೋ ಮಾಡಿದ್ದೆಯಲ್ಲ..." ಎಂದು ಆರ್ಡಿಸ್ ಶುರುಮಾಡಿದಳು.

"ಅದು ಸೋರ್ತಿತ್ತು, ಸರಿ ಮಾಡ್ದೆ. ಈಗ ಅದ್ಯಾಕೆ?" ಎಂದು ಡೆಲ್ಮರ್ ಬೂಟು ಹುಡುಕಲು ಹೋದ.

ಮರುದಿನದಿಂದ ಭಗೀರಥ ಪ್ರಯತ್ನ ಆರಂಭವಾಯಿತು. ಮೂಲ ಭಗೀರಥನಿಗೆ ತಪಸ್ಸೊಂದೇ ಇತ್ತು. ಡೆಲ್ಮರನಿಗೆ ಕಿವಿ ಮುಚ್ಚುವ ಟೋಪಿ, ಬೂಟು, ಮೊಣಕಾಲು ನೋವು ಮತ್ತು ಖಾಲಿ ಹಾಲಿನ ಕ್ಯಾನುಗಳು. ಬೆಳಗಾಗುತ್ತಲೇ ಹೆಪ್ಪುಗಟ್ಟಿದ ಅಂಗಳದಲ್ಲಿ ಜಾರುತ್ತ ಜಾರುತ್ತ ಗ್ಯಾರೇಜಿಗೆ ಹೋಗಿ, ಗಂಗಾವತರಣ ಮಾಡಿಸಿಕೊಂಡು, ಎರಡೂ ಕೈಯಲ್ಲಿ ಕ್ಯಾನು ತೂಗಾಡಿಸುತ್ತ ಬರುತ್ತಿದ್ದ. ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ಆರ್ಡಿಸಳ ವಯಲೆಟ್ ಹೂಗಿಡದ ಕುಂಡಗಳು, ಅವುಗಳ ಹಿಂದೆ ಆರ್ಡಿಸಳ ಮುಖ. ಬಂದವನೇ ಎರಡು ಲೋಟ ತುಂಬುತ್ತಿದ್ದ. ತನ್ನದನ್ನು ಒಂದೇ ಗುಟುಕಿಗೆ ಮುಗಿಸಿ, "ನೋಡು, ನೀರಂದ್ರೆ ಇದು. ಗಡಸು ನೀರು ಕುಡಿದವನೇ ಗಟ್ಟಿ" ಎಂದು ಮೀಸೆ ಒರೆಸಿಕೊಳ್ಳುತ್ತಿದ್ದ.

"ಕುಡೀತೀನಿ, ಇಡು" ಎನ್ನುತ್ತಿದ್ದಳು ಆರ್ಡಿಸ್.

ಬೇಲಿಯಾಚೆಯ ಹಾರ್ಲನ್ ಒಂದು ದಿನ ಕುತೂಹಲ ತಡೆಯಲಾರದೆ ಬಂದು ನಿಂತ.

"ಏನಪ್ಪ, ಮನೇಲಿ ನಲ್ಲಿ ಕೆಟ್ಟಿದೆಯಾ?"

"ನಲ್ಲಿ ಕೆಟ್ಟಿಲ್ಲ, ನೀರು ಕೆಟ್ಟಿದೆ" ಎಂದು ಡೆಲ್ಮರ್ ಅವನಿಗೊಂದು ಉಪನ್ಯಾಸ ಕೊಟ್ಟ. ಹಾರ್ಲನ್ ತಲೆಯಾಡಿಸುತ್ತ ಕೇಳಿದ, ಆದರೆ ಅವನ ಕಣ್ಣೆಲ್ಲ ಗ್ಯಾರೇಜಿನ ಮುಂದೆ ನಿಂತಿದ್ದ ಡೆಲ್ಮರನ ನೀಲಿ ಕಾರಿನ ಮೇಲಿತ್ತು.

"ಅದಿರ್ಲಿ, ನಾನೂ ವಾರಾ ವಾರಾ ಗಾಡಿ ತೊಳೀತೀನಿ. ಒಣಗಿದ ಮೇಲೆ ಮೈಯೆಲ್ಲ ಬಿಳಿ ಬಿಳಿ ಚುಕ್ಕೆ, ಅಮ್ಮ ಆಗಿ ಎದ್ದ ಹಾಗೆ. ನಿನ್ನ ಕಾರು ಮಾತ್ರ ಹೇಗೆ ಹಿಂಗೆ ಹೊಳೆಯುತ್ತೆ?"

"ಒರೆಸೋ ಬಟ್ಟೆ ಚೆನ್ನಾಗಿರ್ಬೇಕು. ಒರೆಸೋ ಮನುಷ್ಯನೂ" ಎಂದ ಡೆಲ್ಮರ್.

ಅಂಗಳದ ಹಿಮ ಕರಗಿ ಹುಲ್ಲು ಬಂತು, ಜೂನ್ ಬಂತು. ಟೋಪಿ ಕಳಚಿತು, ಕ್ಯಾನು ಕಳಚಲಿಲ್ಲ. ಕ್ಲಿನಿಕ್ಕಿನಲ್ಲಿ ಆರ್ಡಿಸಳ ರಕ್ತದೊತ್ತಡ ಒಂದಿಷ್ಟು ಇಳಿದಿತ್ತು. ನರ್ಸು ಅದಕ್ಕೆ ಮಾತ್ರೆ ಕಾರಣ, ಹ್ಯಾಮ್ ಬಿಟ್ಟದ್ದು ಕಾರಣ ಎಂದಳು. ಡೆಲ್ಮರ್, "ಪಾಪ" ಎಂದು ನಕ್ಕು ಸುಮ್ಮನಾದ. ನರ್ಸಿನ ಮನಸ್ಸು ನೋಯಿಸುವುದೇಕೆ?

ಆ ಶನಿವಾರ ಕಾಫಿ ಹೊತ್ತಿನಲ್ಲಿ ಅವನ ಕಣ್ಣು ಕಿಟಕಿಗೆ ಬಿತ್ತು. ವಯಲೆಟ್ ಎಲೆಗಳ ಅಂಚೆಲ್ಲ ಕಂದಿ, ಸುಟ್ಟ ಕಾಗದದಂತೆ ಸುರುಟಿತ್ತು. ಹೂವು ಒಂದೂ ಇಲ್ಲ. ಆರ್ಡಿಸಳ ಅಮ್ಮ ಬಿಟ್ಟುಹೋದ ಗಿಡದಿಂದ ಎಲೆ ಎಲೆಯಾಗಿ ಎಬ್ಬಿಸಿದ ಸಂತಾನ ಅದು. ಡೆಲ್ಮರನಿಗೆ ದುಃಖವಾಯಿತು. ದುಃಖದ ಬೆನ್ನಿಗೇ, ಹೇಳಲು ನಾಚಿಕೆಯಾಗುವಷ್ಟು, ಸಂತೋಷವೂ ಆಯಿತು. ಸಾಕ್ಷಿ ಸಿಕ್ಕಿತ್ತು.

"ನೋಡಿದ್ಯಾ? ಇದೇ ನಾನು ಬಡ್ಕೊಂಡಿದ್ದು. ಈ ಸಿಂಕಿನ ಉಪ್ಪುನೀರು ಹಾಕಿ ಹಾಕಿ ಗಿಡಗಳ ಗತಿ ಏನಾಯ್ತು ನೋಡು. ಮಣ್ಣಿನಲ್ಲಿರೋದಕ್ಕೇ ಹಿಂಗಾದ್ರೆ ಮನುಷ್ಯರ ಹೊಟ್ಟೆಗೆ ಏನಾಗ್ಬೇಡ? ನಾನು ಹೊತ್ತು ತರದೆ ಇದ್ದಿದ್ರೆ, ಆರ್ಡಿಸ್, ನೀನು..." ಅವನು ಕಿಟಕಿಯಾಚೆ ನೋಡಿ, "ಇವತ್ತು ಗಾಳಿ ಇಲ್ಲ" ಎಂದ.

ಆರ್ಡಿಸ್ ಕೈಯೊರೆಸುವ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ಡೆಲ್, ಬೇಜಾರು ಮಾಡ್ಕೋಬೇಡ. ಗಿಡಕ್ಕೆ ಸಿಂಕಿನ ನೀರು ಹಾಕಿಲ್ಲ ನಾನು."

"ಮತ್ತೆ?"

"ನಿನ್ನ ನೀರು ಹಾಕಿದ್ದು."

ಡೆಲ್ಮರನ ಕಣ್ಣು ಬೆಳಗ್ಗೆ ತಂದಿಟ್ಟ ಕ್ಯಾನಿನತ್ತ ಹೋಯಿತು.

"ಒಂದು ಥರಾ ಜಾರು ಜಾರು ಕಣೋ ಅದು, ಗಂಟಲಿಗೆ ಇಳೀತಿರ್ಲಿಲ್ಲ. ನೀನು ಅಷ್ಟು ಚಳೀಲಿ ಹೊತ್ತು ತಂದಿದ್ದನ್ನ ಚೆಲ್ಲೋಕೆ ಮನಸ್ಸು ಬರ್ಲಿಲ್ಲ. ಗಿಡಕ್ಕಾದ್ರೂ ಒಳ್ಳೇದಾಗ್ಲಿ ಅಂತ ನೀನು ಆ ಕಡೆ ತಿರುಗಿದಾಗ ಹಾಕ್ತಿದ್ದೆ. ನಾನು ಕುಡಿದಿದ್ದು ಸಿಂಕಿನದೇ."

"ಹೊರಗಿನ ನೀರು ಜಾರೋದು ಹೇಗೆ? ಅದು ಗಡಸು ನೀರು."

"ಗಡಸು ನೀರು ಇಲ್ಲಿದೆ" ಎಂದು ಆರ್ಡಿಸ್ ಕೆಟಲಿನ ಮುಚ್ಚಳ ತೆಗೆದು ಅವನ ಮೂಗಿನ ಕೆಳಗೆ ಹಿಡಿದಳು. ಒಳಗೆಲ್ಲ ಬಿಳಿಯ ಸುಣ್ಣದ ಪದರ. "ಇದರಲ್ಲಿ ಕಾಯಿಸೋದು ಸಿಂಕಿನ ನೀರನ್ನೇ. ಪ್ರತಿ ಶನಿವಾರ ವಿನಿಗರ್ ಹಾಕಿ ಉಜ್ತೀನಿ, ಮುಂದಿನ ಶನಿವಾರ ಮತ್ತೆ ಇಷ್ಟೇ. ಮೆದು ನೀರಾಗಿದ್ರೆ ಇದು ಕಟ್ಟುತ್ತಿತ್ತಾ?"

ಹೊರಗೆ ಹಾರ್ಲನ್ ತನ್ನ ಗಾಡಿಗೆ ಅಂಟಿದ ಬಿಳಿ ಚುಕ್ಕೆಗಳನ್ನು ಗೊಣಗಿಕೊಂಡು ಉಜ್ಜುತ್ತಿದ್ದ. ಬೇಲಿಯ ಈಚೆ ಡೆಲ್ಮರನ ನೀಲಿ ಕಾರು ಒಂದೇ ಒಂದು ಕಲೆಯಿಲ್ಲದೆ ಥಳಥಳಿಸುತ್ತಿತ್ತು. ಡೆಲ್ಮರ್ ಕಾರನ್ನು ನೋಡಿದ, ಕೆಟಲನ್ನು ನೋಡಿದ, ಮತ್ತೆ ಕಾರನ್ನು ನೋಡಿದ. ಅವನ ಕಿವಿಯ ತುದಿ ಕೆಂಪಾಗತೊಡಗಿತು.

ಆ ಕಾರು ಹೊಸದಾಗಿ ಮನೆಗೆ ಬಂದ ಬೇಸಿಗೆಯಲ್ಲಿ, ಅದರ ನೀಲಿ ಮೈಗೆ ಚುಕ್ಕೆ ಬೀಳಬಾರದೆಂದು ಯಂತ್ರದಿಂದ ಗ್ಯಾರೇಜಿನ ನಲ್ಲಿಗೆ ಮೆದು ನೀರಿನ ಕೊಳವೆ ಎಳೆದವನು ಒಬ್ಬನಿದ್ದ. ಅದೇ ವಾರ, ಮೆದು ನೀರಿನ ಕಾಫಿ ಬಟ್ಟೆ ನೆನೆಸಿದ ನೀರಿನ ಹಾಗಿದೆಯೆಂದು ಅತ್ತೆ ಲೋಟ ದೂಡಿದಾಗ, ಸಿಂಕಿನ ಕೆಳಗೆ ಅಂಗಾತ ಮಲಗಿ, ಬೈದುಕೊಂಡು, ಅಡುಗೆಮನೆಯ ತಣ್ಣೀರನ್ನು ಯಂತ್ರದ ಗೊಡವೆಯಿಲ್ಲದೆ ನೇರ ಬಾವಿಗೆ ಜೋಡಿಸಿದವನೂ ಅವನೇ. ಹುಲ್ಲಿಗೆ ಹಾಕುವ ನೀರಿಗೆ ಉಪ್ಪು ದಂಡ ಮಾಡುವ ಆ ಮೂರ್ಖನ ಹೆಸರು ಡೆಲ್ಮರ್ ಕ್ವಾಮೆ.

"ಏಪ್ರಿಲಿಂದ ಉಪ್ಪುನೀರು ಹೊತ್ತಿದ್ದು ನಾನು" ಎಂದ ಅವನು, ಮೆಲ್ಲಗೆ. "ಯಂತ್ರಕ್ಕೆ ಉಪ್ಪು ಹೊತ್ತೆ. ಅದರ ನೀರನ್ನೂ ಹೊತ್ತೆ. ನಿನಗೇ ಕುಡಿಸೋಕೆ."

"ಕುಡಿದಿದ್ದು ನೀನೊಬ್ಬನೇ. ಗಟ್ಟಿಯಾಗಿಯೇ ಇದ್ದೀಯಲ್ಲ."

"ನಗಬೇಡ."

"ನಗ್ತಿಲ್ಲ" ಎಂದಳು ಆರ್ಡಿಸ್, ನಗುತ್ತ.

ಡೆಲ್ಮರ್ ಎದ್ದು ಕುಂಡಗಳನ್ನು ಒಂದೊಂದಾಗಿ ಸಿಂಕಿಗೆ ಇಳಿಸಿ, ಅಡುಗೆಮನೆಯ ನೀರನ್ನು ಮೆಲ್ಲಗೆ ಬಿಟ್ಟು ಮಣ್ಣಿನ ಉಪ್ಪು ತೊಳೆಯತೊಡಗಿದ. ಪ್ರತಿ ಗಿಡಕ್ಕೂ ತುಟಿ ಅಲುಗಿಸಿ ಏನೋ ಹೇಳುತ್ತಿದ್ದ. ಹೆಂಡತಿಗೆ ಹೇಳಲಾಗದ್ದನ್ನು ಹೇಳಿಸಿಕೊಳ್ಳಲೆಂದೇ ಆ ಕಡೆ ಗಿಡಗಳಿರುತ್ತವೆ.

ಹಿಂದಿನಿಂದ ಲೋಟದ ಸದ್ದಾಯಿತು. ತಿರುಗಿ ನೋಡಿದರೆ ಆರ್ಡಿಸ್, ಆ ಬೆಳಗ್ಗೆ ಅವನು ತಂದಿಟ್ಟಿದ್ದ ಕ್ಯಾನಿನಿಂದ ಲೋಟ ತುಂಬಿಕೊಂಡು, ಗಟಗಟನೆ ಕುಡಿಯುತ್ತಿದ್ದಾಳೆ.

"ಏಯ್, ಅದರಲ್ಲಿ ಉಪ್ಪಿದೆ ಕಣೇ."

"ಒಂದು ತುಂಡು ಬ್ರೆಡ್ಡಿನಷ್ಟೂ ಇಲ್ವಂತೆ, ನರ್ಸು ಹೇಳಿಲ್ವಾ?" ಆರ್ಡಿಸ್ ಕೊನೆಯ ಹನಿಯವರೆಗೂ ಕುಡಿದು ಲೋಟ ಕೆಳಗಿಟ್ಟಳು. "ನೀನು ಬೂಟು ಹಾಕ್ಕೊಂಡು ಜಾರ್ತಾ ಜಾರ್ತಾ ಬರೋದನ್ನ ದಿನಾ ಈ ಕಿಟಕಿಯಿಂದ ನೋಡ್ತಿದ್ದೆ. ಒಂದು ಲೋಟನಾದ್ರೂ ಕುಡೀದೆ ಇದ್ರೆ ಹೇಗೆ?"

ಡೆಲ್ಮರನಿಗೆ ಹವಾಮಾನದ ಬಗ್ಗೆ ಹೇಳಲು ಏನೂ ಉಳಿದಿರಲಿಲ್ಲ. ಅವನು ಮೂಗೊರೆಸಿಕೊಂಡ.

ಆರ್ಡಿಸ್ ಕೆಟಲನ್ನೂ ವಿನಿಗರ್ ಬಾಟಲಿಯನ್ನೂ ತಂದು ಅವನ ಮುಂದಿಟ್ಟಳು. "ಬೆಳಗ್ಗೆ ಇನ್ನು ನೀರು ಹೊರೋ ಕೆಲಸ ಇಲ್ವಲ್ಲ ನಿನಗೆ. ಶನಿವಾರ ಇದು ನಿಂದು. ನಿನಗೆ ಗಡಸು ನೀರು ಅಂದ್ರೆ ಅಷ್ಟೊಂದು ಗೌರವ."

ಅವನು ಅಂಗಿಯ ತೋಳು ಮಡಚಿ ಉಜ್ಜತೊಡಗಿದ. ಅಷ್ಟರಲ್ಲಿ ಕಿಟಕಿಯ ಹೊರಗೆ ಹಾರ್ಲನ್ ಬಂದು ನಿಂತು, ತನ್ನ ಕೈಯಲ್ಲಿದ್ದ ಎರಡು ಖಾಲಿ ಕ್ಯಾನುಗಳನ್ನು ಎತ್ತಿ ತೋರಿಸಿದ.

"ಡೆಲ್, ನಿನ್ನ ಮಾತು ಕೇಳಿ ನನ್ನಾಕೆ ಹೊರಗಿನ ನೀರೇ ಬೇಕು ಅಂತ ಹಟ ಹಿಡಿದಿದ್ದಾಳೆ. ನಮ್ಮ ನಲ್ಲಿ ವಾಷರ್ ಹೋಗಿದೆ. ನಿಮ್ಮ ಗ್ಯಾರೇಜಿಂದ ಹಿಡ್ಕೊಳ್ಲಾ?"

ಡೆಲ್ಮರ್ ಬಾಯಿ ತೆರೆದ. ಆರ್ಡಿಸ್ ಅಷ್ಟರಲ್ಲಾಗಲೇ ಅಡುಗೆಮನೆಯ ಬಾಗಿಲು ತೆರೆದಿದ್ದಳು.

"ಒಳಗೆ ಬಾ ಹಾರ್ಲನ್, ಈ ಸಿಂಕಿಂದಲೇ ಹಿಡ್ಕೋ. ಆಮೇಲೆ ಗಾಡಿನೂ ನಮ್ಮ ಗ್ಯಾರೇಜಿನ ಹತ್ರ ತಂದು ನಿಲ್ಲಿಸಿಬಿಡು. ಕೆಟಲು ಮುಗೀತಿದ್ದ ಹಾಗೆ ಡೆಲ್ ತೊಳೆದು ಕೊಡ್ತಾನೆ. ಅವನ ಹತ್ರ ಒಳ್ಳೇ ಒರೆಸೋ ಬಟ್ಟೆ ಇದೆಯಂತೆ."