ಅನ್ನ ಉಳಿಸಿಕೊಳ್ಳಲು ಹೊರಟ ಟೈಲರು

ಟೈಲರಪ್ಪನ ಕತ್ತಿನ ಹಿಂದೆ ಒಂದು ಕೆಂಪು ಗುಳ್ಳೆ ಎದ್ದಿತು. ಬೇರೆಯವರ ಮನೆಯಲ್ಲಾಗಿದ್ದರೆ ಅದು ಎರಡು ದಿನ ಇದ್ದು, ತನಗೇ ಬೇಜಾರಾಗಿ ಹೊರಟುಹೋಗುತ್ತಿತ್ತು. ಈ ಮನೆಯಲ್ಲಿ ಅದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಖಾಲಿ ಮಾಡಿಸಿತು.

ಅವನ ಹೆಂಡತಿಗೆ ಬೀದಿಯವರು ಇಟ್ಟ ಹೆಸರು ಉಳಿತಾಯದಕ್ಕ. ಆಕೆ ಯಾವುದನ್ನೂ ಎಸೆದವಳಲ್ಲ. ಹಳೆಯ ಟವೆಲು ಸವೆದರೆ ನೆಲ ಒರೆಸುವ ಬಟ್ಟೆಯಾಗುತ್ತಿತ್ತು, ಅದೂ ಸವೆದರೆ ದಿಂಬಿನೊಳಗೆ ಸೇರಿ ಟೈಲರಪ್ಪನ ತಲೆಯ ಕೆಳಗೆ ಬರುತ್ತಿತ್ತು. ಅಂಗಡಿಯ ಸಾಬೂನು ವಿಷ, ಅಂಗಡಿಯ ಬ್ರೆಡ್ಡು ವಿಷ, ಅಂಗಡಿಯವನ ನಗುವೂ ಅರ್ಧ ವಿಷ ಎಂಬುದು ಆಕೆಯ ಮತ. ಬೇಕರಿಯ ತಿಂಡಿಯನ್ನು ಮನೆಯ ಹೊಸ್ತಿಲು ದಾಟಿಸದವಳು ಬೇಕರಿಯ ಒಲೆಯ ಬೂದಿಯನ್ನು ಮಾತ್ರ ತಿಂಗಳಿಗೊಮ್ಮೆ ಹೊತ್ತು ತರುತ್ತಿದ್ದಳು. ಆ ಬೂದಿಯ ನೀರಿಗೆ ಬೀದಿಯವರೆಲ್ಲ ಕರಿದು ಬಿಟ್ಟ ಎಣ್ಣೆ ಸೇರಿಸಿ, ಕಾಯಿಸಿ, ಹಲಗೆಯ ಮೇಲೆ ಕತ್ತರಿಸಿ, ಬಟ್ಟೆ ಒಗೆಯುವ ಸಾಬೂನು ಮಾಡುತ್ತಿದ್ದಳು. ಮನೆಗಷ್ಟೇ ಅಲ್ಲ, ಬೀದಿಗೆಲ್ಲ ಹಂಚುತ್ತಿದ್ದಳು. ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಗುಳ್ಳೆ ಕಂಡ ದಿನವೇ ತೀರ್ಪು ಬಂತು. "ಇದು ಅಲರ್ಜಿ ರೀ. ಹೊಟ್ಟೆಗೆ ಹೋದದ್ದು ಕತ್ತಲ್ಲಿ ಎದ್ದಿದೆ."

ಮೊದಲು ಹಾಲು ಹೋಯಿತು. ಮುಂದಿನ ವಾರ ಗೋಧಿ, ಅದರ ಹಿಂದೆ ಮೊಟ್ಟೆ, ಆಮೇಲೆ ಕಡಲೆಕಾಯಿ, ಬೇಳೆ, ಸಕ್ಕರೆ. ಒಂದೊಂದೇ ಬಿಡಿಸಿ ನೋಡುವುದು, ತುರಿಕೆ ನಿಂತ ಮೇಲೆ ಒಂದೊಂದೇ ವಾಪಸು ಕೊಡುವುದು, ಇದು ಕ್ರಮ. ಬಿಡಿಸುವ ಕೆಲಸ ಗಡಿಯಾರದ ಹಾಗೆ ನಡೆಯಿತು. ವಾಪಸು ಕೊಡುವುದು ಶುರುವಾಗಲೇ ಇಲ್ಲ, ಏಕೆಂದರೆ ತುರಿಕೆ ನಿಲ್ಲಲೇ ಇಲ್ಲ. ಈಗ ತಟ್ಟೆಯಲ್ಲಿ ಉಳಿದಿದ್ದು ಅನ್ನ ಮತ್ತು ಬೇಯಿಸಿದ ಕುಂಬಳಕಾಯಿ. ಟೈಲರಪ್ಪನ ಪ್ಯಾಂಟು ಸೊಂಟದಲ್ಲಿ ನಿಲ್ಲದೆ, ಅವನೇ ಅದಕ್ಕೆ ಮೂರು ಸಲ ಒಳಹೊಲಿಗೆ ಹಾಕಿ ಬಿಗಿ ಮಾಡಿದ್ದ.

ಆ ಬೆಳಿಗ್ಗೆ ಆಕೆ ಕುಂಬಳಕಾಯಿ ಬಡಿಸುತ್ತ ಹೇಳಿದಳು. "ಇವತ್ತು ಸಂಜೆ ನನ್ನ ಪಥ್ಯ ಮಾಡೋ ಬೀದಿಯವರೆಲ್ಲ ನಮ್ಮನೇಲಿ ಸೇರ್ತಾರೆ. ಅವರೆದುರಿಗೇ ನಿಮ್ಮ ಕತ್ತು ನೋಡ್ತೀನಿ. ತುರಿಕೆ ಇಲ್ಲದಿದ್ರೆ ಸರಿ. ಇದ್ರೆ, ನಾಳೆಯಿಂದ ಅನ್ನ ಬಂದ್."

"ಅನ್ನಾನೂ ಬಿಟ್ಟರೆ ಏನು ತಿನ್ನೋದೇ?"

"ಯಾಕೆ, ಕುಂಬಳಕಾಯಿ ಇದೆಯಲ್ಲ."

ಟೈಲರಪ್ಪ ತಟ್ಟೆ ನೋಡಿದ. ಕುಂಬಳಕಾಯಿಯೂ ಅವನನ್ನು ನೋಡಿತು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರೀತಿ ಉಳಿದಿರಲಿಲ್ಲ.

ಇವತ್ತೊಂದು ದಿನ ಸತ್ತರೂ ತುರಿಸಿಕೊಳ್ಳುವುದಿಲ್ಲ ಎಂದು ಶಪಥ ಮಾಡಿ ಅವನು ಅಂಗಡಿಗೆ ಹೋದ. ಮಿಷನ್ನಿನ ಮುಂದೆ ಕೂತು ಹತ್ತು ನಿಮಿಷ ಆಗಿತ್ತೋ ಇಲ್ಲವೋ, ಕತ್ತಿನ ಹಿಂದೆ ಇರುವೆಗಳ ಮದುವೆ ದಿಬ್ಬಣ ಹೊರಟಂತಾಯಿತು. ಕೈ ತಾನಾಗಿಯೇ ಹಿಂದಕ್ಕೆ ಹಾರಿತು. ಹಾರುವಾಗ ಮಿಷನ್ನಿಗೆ ಹಾಕುವ ಎಣ್ಣೆಯ ಡಬ್ಬಿಗೆ ಮೊಣಕೈ ತಗುಲಿ, ಎಣ್ಣೆಯೆಲ್ಲ ಅಂಗಿಯ ಎದೆಯ ಮೇಲೆ ಇಳಿಯಿತು.

ಬರಿಮೈಯಲ್ಲಿ ಅಂಗಡಿ ನಡೆಸುವ ಹಾಗಿಲ್ಲ. ಗೂಟದಲ್ಲಿ ರಿಟೈರಾದ ಮೇಷ್ಟ್ರ ಹೊಸ ಶರ್ಟು ತೂಗುತ್ತಿತ್ತು. ಹೊಲಿದು ಮುಗಿದಿತ್ತು. ಮೇಷ್ಟ್ರು ನಾಳೆ ಬರುತ್ತೇನೆಂದಿದ್ದರು. ಸ್ವಲ್ಪ ಹೊತ್ತು ತಾನೇ ಎಂದು ಟೈಲರಪ್ಪ ಅದನ್ನು ತೊಟ್ಟುಕೊಂಡ.

ಒಂದು ಗಂಟೆ ಕಳೆಯಿತು. ಎರಡು ಪ್ಯಾಂಟಿನ ಅಂಚು ಮಡಿಚಿ ಹೊಲಿದ ಮೇಲೆ ಅವನಿಗೆ ಏನೋ ಕಳೆದುಹೋದ ಹಾಗನ್ನಿಸಿತು. ಕತ್ತರಿ ಇದೆ, ಟೇಪಿದೆ, ಚಾಕ್ ಇದೆ. ಕಳೆದುಹೋಗಿದ್ದು ತುರಿಕೆ.

ಆಗಲೇ ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು.

"ಟೈಲರ್ರೇ, ಈ ಕಡೆ ಬಂದಿದ್ದೆ, ಹಾಗೇ ಶರ್ಟು... ಅಲ್ಲಾ, ನೀವು ಹಾಕ್ಕೊಂಡಿರೋದು ನನ್ನ ಶರ್ಟಲ್ವೇನ್ರಿ?"

ಟೈಲರಪ್ಪನ ಬಾಯಿ ಒಣಗಿತು, ಆದರೆ ಮೂವತ್ತು ವರ್ಷ ಗಿರಾಕಿಗಳಿಗೆ ನಾಳೆ ಬನ್ನಿ ಎಂದು ಹೇಳಿ ಪಳಗಿದ ನಾಲಿಗೆ ಒಣಗಲಿಲ್ಲ. "ಹೌದು ಮೇಷ್ಟ್ರೇ. ಹೊಸ ಹೊಲಿಗೆ ನೋಡಿ, ಬಿಗಿ ಇರತ್ತೆ. ಒಂದು ದಿನ ಮೈಮೇಲೆ ಹಾಕಿ ಭುಜ ಕೂರಿಸ್ತೀನಿ. ಎಲ್ಲರಿಗೂ ಮಾಡಲ್ಲ. ನಿಮಗೆ ಅಂತ."

ಮೇಷ್ಟ್ರ ಮುಖ ಅರಳಿತು. "ಓಹೋ! ಹಾಗಾದ್ರೆ ಸಂಜೆವರೆಗೂ ಹಾಕ್ಕೊಂಡಿರಿ. ಚೆನ್ನಾಗಿ ಕೂರಲಿ. ಹೇಗೂ ಸಂಜೆ ನಿಮ್ಮನೆಗೆ ಬರೋದಿದೆಯಲ್ಲ, ಅಲ್ಲೇ ತಗೋತೀನಿ." ಹೀಗೆಂದು ಅವರು ತಮ್ಮ ಕೊರಳಪಟ್ಟಿಯೊಳಗೆ ಬೆರಳು ತೂರಿಸಿ ಪರಪರನೆ ಕೆರೆದುಕೊಂಡರು.

ಟೈಲರಪ್ಪ ಎದ್ದು ನಿಂತ. "ಮೇಷ್ಟ್ರೇ, ನಿಮಗೂ ತುರಿಕೇನಾ?"

"ಅಯ್ಯೋ, ಮೂರು ತಿಂಗಳಾಯ್ತು. ನಿಮ್ಮ ಮನೆಯವರ ಪಥ್ಯವೇ ಮಾಡ್ತಿದೀವಿ. ನನಗೆ ಗೋಧಿ ಆಗಲ್ಲವಂತೆ, ನನ್ನವಳಿಗೆ ಹಾಲು ಆಗಲ್ಲವಂತೆ."

ಟೈಲರಪ್ಪ ತಾನು ತೊಟ್ಟಿದ್ದ, ಇನ್ನೂ ನೀರು ಸಾಬೂನು ಕಾಣದ ಹೊಸ ಶರ್ಟನ್ನು ನೋಡಿಕೊಂಡ. "ಬಟ್ಟೆ ಯಾವ ಸಾಬೂನಲ್ಲಿ ಒಗೀತೀರಿ?"

"ನಿಮ್ಮ ಮನೆಯದೇ. ನೀರೂ ಪೋಲು ಮಾಡಬಾರದು ಅಂದಿದಾರಲ್ಲ, ಒಂದೇ ಬಕೆಟ್ಟಲ್ಲಿ ಜಾಲಿಸಿ ಒಣಗಿಸ್ತೀವಿ."

ಮೇಷ್ಟ್ರು ಹೋದ ಮೇಲೆ ಟೈಲರಪ್ಪ ತನ್ನ ಹಳೆಯ ಅಂಗಿಯ ಕೊರಳಪಟ್ಟಿಯನ್ನು ಕತ್ತಿಗೆ ಒತ್ತಿ ಹಿಡಿದ. ದಿಬ್ಬಣ ಹೊರಟಿತು. ತೆಗೆದ. ದಿಬ್ಬಣ ನಿಂತಿತು. ಮೂರು ಸಲ ಹಾಗೆ ಮಾಡಿ ನೋಡಿದ. ಬೀದಿಯ ಕತೆಯೆಲ್ಲ ಅವನಿಗೆ ಹೊಲಿಗೆ ಬಿಚ್ಚಿದಂತೆ ಬಿಚ್ಚಿಕೊಂಡಿತು. ಪ್ರತಿ ಮನೆಗೂ ಮೊದಲು ಸಾಬೂನು ಹೋಗಿತ್ತು. ಸಾಬೂನಿನ ಹಿಂದೆ ತುರಿಕೆ ಹೋಗಿತ್ತು. ತುರಿಕೆಯ ಹಿಂದೆ ಕುಂಬಳಕಾಯಿ ಹೋಗಿತ್ತು. ಈ ಬುದ್ಧಿವಂತರ ಬೀದಿಯಲ್ಲಿ ಒಬ್ಬರಿಗೂ ಅಂಗಿಯ ಮೇಲೆ ಅನುಮಾನ ಬಂದಿರಲಿಲ್ಲ. ಹೊಟ್ಟೆಯೊಂದೇ ಕಳ್ಳ ಎಂದು ಎಲ್ಲರೂ ಅದಕ್ಕೇ ಹೊಡೆಯುತ್ತ ಕೂತಿದ್ದರು.

ಬಾಯಿಮಾತು ಹೆಂಡತಿಯ ಮುಂದೆ ನಿಲ್ಲದೆಂದು ಅವನಿಗೆ ಗೊತ್ತಿತ್ತು. ಸಾಕ್ಷಿ ಬೇಕಿತ್ತು. ಊಟದ ಡಬ್ಬಿಯನ್ನು ಮುಟ್ಟದೆ ನೇರ ಪಕ್ಕದ ಬೇಕರಿಗೆ ನಡೆದ.

"ಬೆಣ್ಣೆ ಹಚ್ಚಿದ ಬನ್ನು ಎರಡು, ಬೇಯಿಸಿದ ಮೊಟ್ಟೆ ಒಂದು, ಗಟ್ಟಿ ಹಾಲಿನ ಕಾಫಿ. ಸಕ್ಕರೆ ಜಾಸ್ತಿ ಹಾಕಪ್ಪ."

ಬೇಕರಿಯವನು ಹೆದರಿದ. "ಅಣ್ಣಾ, ಅಕ್ಕನಿಗೆ ಗೊತ್ತಾದ್ರೆ ನನಗೆ ಬೂದಿ ತಗೊಂಡು ಹೋಗೋರು ಇರಲ್ಲ."

"ಕೊಡಯ್ಯಾ. ಇದು ತಿಂಡಿ ಅಲ್ಲ, ಪರೀಕ್ಷೆ."

ಆ ಪರೀಕ್ಷೆಯನ್ನು ಅವನು ಕಣ್ಣು ಮುಚ್ಚಿ, ಬೆರಳು ನೆಕ್ಕಿ ಬರೆದ. ಕಣ್ಣು ತೆರೆದಾಗ ಎದುರಿಗೆ ಮಹಡಿಮನೆಯಾಕೆ, ಉಳಿತಾಯದಕ್ಕನ ಮೊದಲ ಶಿಷ್ಯೆ, ಚೀಲ ಹಿಡಿದು ನಿಂತಿದ್ದಳು. "ಅಯ್ಯಯ್ಯೋ ಭಾವ!" ಎಂದಷ್ಟೇ ಹೇಳಿ, ಚಪ್ಪಲಿ ಕಳಚುವಷ್ಟು ವೇಗದಲ್ಲಿ ಹೊರಟುಹೋದಳು. ಆಕೆಯೂ ಓಡುತ್ತ ಓಡುತ್ತ ಕತ್ತು ಕೆರೆದುಕೊಳ್ಳುತ್ತಿದ್ದುದನ್ನು ಟೈಲರಪ್ಪ ಸಂತೋಷದಿಂದ ನೋಡಿದ.

ಸಂಜೆ ಮನೆಗೆ ಬಂದಾಗ ನಡುಮನೆ ಕೋರ್ಟಾಗಿತ್ತು. ಮೇಷ್ಟ್ರು, ಮೇಷ್ಟ್ರ ಹೆಂಡತಿ, ಮಹಡಿಮನೆಯಾಕೆ, ಇನ್ನೂ ನಾಲ್ಕೈದು ಮನೆಯವರು ಗೋಡೆಗೊರಗಿ ಕೂತಿದ್ದರು. ನಡುವೆ ಹಾಲು, ಹಿಟ್ಟು, ಮೊಟ್ಟೆ, ಸಕ್ಕರೆ ಯಾವುದೂ ಇಲ್ಲದ ಕೇಕು. ನೆನೆಸಿಟ್ಟ ಇಟ್ಟಿಗೆಯಂತಿದ್ದ ಅದನ್ನು ಎಲ್ಲರೂ ಅಗಿಯುತ್ತ, ಹೊಗಳುತ್ತ, ನುಂಗಲಾಗದೆ ನೀರು ಕುಡಿಯುತ್ತಿದ್ದರು.

"ಬನ್ನು ತಿಂದ್ರಂತೆ," ಎಂದಳು ಉಳಿತಾಯದಕ್ಕ.

"ತಿಂದೆ. ಎರಡು. ಬೆಣ್ಣೆ, ಮೊಟ್ಟೆ, ಹಾಲು, ಸಕ್ಕರೆ, ಎಲ್ಲಾ ತಿಂದೆ. ಈಗ ಕತ್ತು ನೋಡು."

ಆಕೆ ನೋಡಿದಳು. ಮೇಷ್ಟ್ರು ಕನ್ನಡಕ ಹಾಕಿ ನೋಡಿದರು. ಗುಳ್ಳೆ ಬಾಡಿ ಮಲಗಿತ್ತು. ಟೈಲರಪ್ಪ ಎಣ್ಣೆಯಾದ ಅಂಗಿಯನ್ನು ಬಾವುಟದಂತೆ ಎತ್ತಿ ಹಿಡಿದ.

"ತುರಿಕೆ ಹೊಟ್ಟೇಲಿಲ್ಲ ಕಣ್ರಪ್ಪಾ, ಇದರಲ್ಲಿದೆ! ಬೂದಿ ಸಾಬೂನು ಒಂದು ಬಕೆಟ್ ನೀರಲ್ಲಿ ಸರಿಯಾಗಿ ಹೋಗೋದಿಲ್ಲ, ಕೊರಳಪಟ್ಟೀಲೇ ಕೂರತ್ತೆ. ಯಾರ್ ಯಾರಿಗೆ ತುರಿಕೆ ಇದೆಯೋ, ನಿಮ್ಮ ಎದೆ ಮುಟ್ಟಿ ಹೇಳಿ, ಸಾಬೂನು ಬರೋಕ್ ಮುಂಚೆ ಇತ್ತಾ?"

ಯಾರೂ ಎದೆ ಮುಟ್ಟಲಿಲ್ಲ. ಎಲ್ಲರ ಕೈಯೂ ಕತ್ತಿನಲ್ಲಿತ್ತು. ಬಾಯಲ್ಲಿದ್ದ ಕೇಕನ್ನು ಮೇಷ್ಟ್ರ ಹೆಂಡತಿ ಮೆಲ್ಲಗೆ ಸೆರಗಿಗೆ ಉಗಿದಳು. ಮುಂದಿನ ಕಾಲುಗಂಟೆಯಲ್ಲಿ ಎಲ್ಲರೂ ಮನೆಗೆ ಓಡಿ, ಇದ್ದಬದ್ದ ಸಾಬೂನಿನ ಬಿಲ್ಲೆಗಳನ್ನೆಲ್ಲ ತಂದು ನಡುಮನೆಯಲ್ಲಿ ಸುರಿದರು. ಮೊಣಕಾಲೆತ್ತರದ ರಾಶಿಯಾಯಿತು.

ಟೈಲರಪ್ಪನ ಕಣ್ಣಲ್ಲಿ ನೀರು ಬಂತು. "ಅಂದ್ರೆ ನಾಳೆಯಿಂದ ಬನ್ನು ತಿನ್ನಬಹುದಲ್ವೇನೇ?"

ಉಳಿತಾಯದಕ್ಕ ಕೂತು ರಾಶಿಯ ಬಿಲ್ಲೆಗಳನ್ನು ಎಣಿಸಿದಳು. ಆಕೆ ತಪ್ಪನ್ನು ಒಪ್ಪಿಕೊಂಡದ್ದು ಇದೇ ಮೊದಲು. "ಸಾಬೂನಿಂದಲೇ ಇರಬಹುದು. ಇನ್ಮೇಲೆ ಮಾಡಲ್ಲ. ಆದ್ರೆ ಮಾಡಿರೋದನ್ನ ಎಸೆಯೋಕಾಗತ್ತಾ? ಇವರಿಗೆಲ್ಲ ಬೇಡವಂತೆ. ನಮ್ಮನೇಲೇ ತೀರಿಸೋಣ."

"ಇಷ್ಟೂ?"

"ಎರಡು ವರ್ಷ ಬರತ್ತೆ. ಅಲ್ಲೀವರೆಗೂ ಬನ್ನು, ಹಾಲು ಯಾವುದೂ ಬೇಡ. ಮಧ್ಯೆ ತುರಿಕೆ ಬಂದ್ರೆ ಸಾಬೂನಿಂದ ಬಂತೋ, ಬನ್ನಿಂದ ಬಂತೋ, ಹೇಗ್ರೀ ಗೊತ್ತಾಗೋದು?"

ಇದು ಬಲು ನ್ಯಾಯವಾದ ಮಾತು ಎಂದು ಮೇಷ್ಟ್ರು ತಲೆದೂಗಿದರು. ಆಮೇಲೆ ಕೈ ಚಾಚಿದರು. "ಟೈಲರ್ರೇ, ಭುಜ ಕೂತಿರಬೇಕು. ಶರ್ಟು ಕೊಡ್ತೀರಾ?"

ಟೈಲರಪ್ಪ ಶರ್ಟು ಬಿಚ್ಚಿಕೊಟ್ಟ. ಮೇಷ್ಟ್ರು ಅದನ್ನು ಅಲ್ಲೇ ತೊಟ್ಟುಕೊಂಡು, ಕತ್ತನ್ನು ಎಡಕ್ಕೂ ಬಲಕ್ಕೂ ತಿರುಗಿಸಿ, ಹಾಯಾಗಿ ಉಸಿರು ಬಿಟ್ಟರು. ಎಲ್ಲರೂ ಗಡಿಬಿಡಿಯಿಂದ ಹೊರಬಿದ್ದರು. ಕಿಟಕಿಯಿಂದ ನೋಡಿದರೆ ಒಬ್ಬರೂ ಮನೆಯ ಕಡೆ ತಿರುಗಲಿಲ್ಲ. ಮಹಡಿಮನೆಯಾಕೆಯನ್ನು ಮುಂದಿಟ್ಟುಕೊಂಡು ಇಡೀ ಗುಂಪು ಬೇಕರಿಯ ಕಡೆ ಹೋಗುತ್ತಿತ್ತು.

ಉಳಿತಾಯದಕ್ಕ ಹಗ್ಗದ ಮೇಲಿಂದ ಒಗೆದ ಅಂಗಿಯೊಂದನ್ನು ತಂದು ಗಂಡನ ಹೆಗಲ ಮೇಲೆ ಹಾಕಿದಳು. ಅವನು ಗುಂಡಿ ಹಾಕಿಕೊಂಡ. ಹಲ್ಲು ಕಚ್ಚಿದ. ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತ. ನೂರು ಎಣಿಸಿದ. ಆಮೇಲೆ ಕೈ ತಾನಾಗಿಯೇ ಹಿಂದಕ್ಕೆ ಹಾರಿತು.

"ತುರಿಸ್ಕೊಂಡ್ರಲ್ಲ!" ಎಂದಳು ಆಕೆ, ಅಕ್ಕಿಯ ಡಬ್ಬಿಯ ಮುಚ್ಚಳ ಬಿಗಿಯುತ್ತ. "ಬೆಳಿಗ್ಗೆ ಏನ್ ಮಾತಾಗಿತ್ತು ರೀ ನಮ್ಮಿಬ್ಬರಲ್ಲಿ?"