ಕಟ್ಟೆಯ ಪರವಾಗಿ ಒಂದು ಆಕ್ಷೇಪಣೆ

ಯಾರು ಏನೇ ಹೇಳಿದರೂ "ಇದನ್ನು ಕಣ್ಣಾರೆ ಕಂಡವರು ಯಾರು?" ಎಂದು ಕೇಳುವುದು ನನ್ನ ಹುಟ್ಟುಗುಣ. ಪತ್ರಿಕೆಯಲ್ಲಿ ಮಳೆಯ ಸುದ್ದಿ ಬಂದರೆ ಕಿಟಕಿಯಿಂದ ಕೈ ಹೊರಗೆ ಚಾಚಿ ನೋಡುತ್ತೇನೆ. ಹೆಂಡತಿ ಚಹಾ ಆಗಿದೆಯೆಂದರೆ ಕಪ್ಪಿನೊಳಗೆ ಇಣುಕಿದ ಮೇಲೆಯೇ ಒಪ್ಪುತ್ತೇನೆ. ಶಾಲೆ ನನ್ನನ್ನು ಬೇಗನೆ ಕೈಬಿಟ್ಟಿತು. ಮುಂದಿನದನ್ನೆಲ್ಲ ಹುಬ್ಬಳ್ಳಿಯ ಹತ್ತಿ ದಲಾಲಿ ಅಂಗಡಿಯೊಂದರ ಗಾದಿಯ ಮೇಲೆ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಕೈಗೆ ಸಿಕ್ಕ ಪುಸ್ತಕಗಳಿಂದ ನಾನೇ ಕಲಿತುಕೊಂಡೆ. ಹೀಗೆ ಕಲಿತವನಿಗೆ ಒಂದು ಅನುಕೂಲವಿದೆ. ತಪ್ಪು ಕಲಿಸಿದಿರಿ ಎಂದು ದೂರಲು ಗುರುಗಳೇ ಇಲ್ಲದ್ದರಿಂದ, ತಾನು ತಪ್ಪನ್ನು ಕಲಿತೇ ಇಲ್ಲವೆಂದು ನಿಶ್ಚಿಂತೆಯಿಂದ ನಂಬಿಕೊಂಡಿರಬಹುದು.

ಇಂಥ ನನಗೆ ಸರಕಾರವು ಆಗಾಗ ಪ್ರಜೆಗಳ ಅಭಿಪ್ರಾಯ ಕೇಳುತ್ತದೆಂಬ ಸಂಗತಿ ಅಪಾರ ಮನರಂಜನೆಯನ್ನು ಒದಗಿಸುತ್ತ ಬಂದಿದೆ. ಕನ್ಯೆಯನ್ನು ನೋಡಿ, ನಿಶ್ಚಯ ಮಾಡಿ, ಲಗ್ನಪತ್ರಿಕೆಯನ್ನು ಅಚ್ಚು ಹಾಕಿಸಿದ ಮೇಲೆ ಸೋದರಮಾವನನ್ನು ಕರೆದು "ನಿಮ್ಮ ವಿಚಾರ ಏನ್ರಿ?" ಎಂದು ಕೇಳುವ ಮರ್ಯಾದೆ ಅದು. ಸೋದರಮಾವ ಹೂಂ ಎನ್ನುತ್ತಾನೆ, ಊಟ ಮಾಡಿ ಹೋಗುತ್ತಾನೆ. ಪ್ರಜೆಗೆ ಊಟವೂ ಇಲ್ಲ.

ಆದರೆ ಈ ಸಲದ ಕರಡು ಕಾಯ್ದೆ ನೇರವಾಗಿ ನನ್ನ ಬುಡಕ್ಕೇ ಬಂದಿತ್ತು. ಬೀದಿಗಳ ಸುವ್ಯವಸ್ಥೆಗೆಂದು ಹೊರಟ ಆ ಕರಡಿನ ಪ್ರಕಾರ, ಬೀದಿಗೆ ಚಾಚಿಕೊಂಡಿರುವ ಮೆಟ್ಟಿಲು, ಕಟ್ಟೆಗಳನ್ನೆಲ್ಲ ಒಡೆದು ತೆಗೆಯತಕ್ಕದ್ದು. ಆಕ್ಷೇಪಣೆ ಇದ್ದವರು ಬರೆದು ಕಳಿಸತಕ್ಕದ್ದು. ನಮ್ಮ ಮನೆಯ ಮುಂದೆ ಶಹಾಬಾದಿ ಫರಸಿಕಲ್ಲು ಹಾಸಿದ ಒಂದು ಕಟ್ಟೆ ಇದೆ. ದಿನವೂ ಸಂಜೆ ನಾನೂ ನನ್ನ ಹಳೆಯ ಗೆಳೆಯ ಚನ್ನಬಸಪ್ಪನೂ ಅದರ ಮೇಲೆ ಕುಳಿತು ಲೋಕದ ತಪ್ಪುಗಳನ್ನು ತಿದ್ದುತ್ತೇವೆ. ನನ್ನ ಮೊಣಕಾಲುಗಳು ಉದ್ಯಾನದವರೆಗೆ ಬರಲು ಒಪ್ಪುವುದಿಲ್ಲ. ಕಟ್ಟೆ ಹೋದರೆ ನನಗೆ ಉಳಿಯುವುದು ನಡುಮನೆಯ ಕುರ್ಚಿ ಮತ್ತು ಅದರ ಎದುರಿನ ಧಾರಾವಾಹಿಗಳು.

ನನಗಿಂತ ಹೆಚ್ಚು ಗಾಬರಿಯಾದವಳು ನನ್ನ ಹೆಂಡತಿ ಗಂಗವ್ವ. ಅಮ್ಮಿನಬಾವಿಯವಳು, ಮಾತನ್ನು ಸುತ್ತಿ ಬಳಸಿ ಆಡುವ ಅಭ್ಯಾಸವಿಲ್ಲ.

"ಕಟ್ಟಿ ಒಡದ್ರ ನೀವು ದಿನಾ ಸಂಜೀಕ ಒಳಗ ಇರತೀರಿ. ಅದನ್ನ ಮೊದಲ ಬರೀರಿ. ಸರಕಾರಕ್ಕೂ ಹೆಣ್ಣುಮಕ್ಕಳ ಮ್ಯಾಲೆ ಕರುಣಾ ಬಂದೀತು."

ನಾನು ಆಕ್ಷೇಪಣೆ ಬರೆಯಲು ಕುಳಿತೆ. ಮನುಷ್ಯ ಗುಹೆಯಿಂದ ಹೊರಬಂದು ಮೊಟ್ಟಮೊದಲು ಕಲ್ಲಿನ ಮೇಲೆ ಕುಳಿತ ಪ್ರಸಂಗದಿಂದ ಆರಂಭಿಸಿ, ಕಟ್ಟೆಯೇ ಪ್ರಜಾಪ್ರಭುತ್ವದ ತಾಯಿಬೇರೆಂದು ಹಾಳೆಗಟ್ಟಲೆ ಸಿದ್ಧಪಡಿಸಿದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಸೊಸೆ ವೈಶಾಲಿ ಅದನ್ನು ತಿರುವಿ ಹಾಕಿದಳು.

"ಮಾವಾರ, ಛಲೋ ಐತ್ರಿ. ಆದರ ಇದನ್ನ ಓದಿ ಮುಗಸೂದ್ರಾಗ ಆ ಸಾಹೇಬ್ರು ರಿಟೈರ್ ಆಗತಾರ್ರಿ. ಎಐಗೆ ಕೇಳೋಣ ತಡೀರಿ. ಕರಡು ಓದಿ ತಿಳಿಸಿ ಹೇಳತೈತಿ, ಅರ್ಜಿನೂ ಬರದು ಕೊಡತೈತಿ."

ಬಾಯಿತುಂಬ ಕೃತಕ ಹಲ್ಲುಗಳನ್ನು ಇಟ್ಟುಕೊಂಡವನು ಕೃತಕ ಬುದ್ಧಿಯನ್ನು ಹೀಗಳೆಯುವುದು ಶೋಭಿಸುವುದಿಲ್ಲವೆಂದು ಹೂಂ ಎಂದೆ. ವೈಶಾಲಿ ತನ್ನ ಲ್ಯಾಪ್‌ಟಾಪಿನಲ್ಲಿ ಕರಡನ್ನು ಆ ಯಂತ್ರಕ್ಕೆ ಉಣಿಸಿದಳು. ನಾನು ಓದಲು ಇಡೀ ದಿನ ತೆಗೆದುಕೊಂಡದ್ದನ್ನು ಅದು ನಾನು ಕನ್ನಡಕ ಒರೆಸಿಕೊಳ್ಳುವುದರೊಳಗೆ ಓದಿ ಮುಗಿಸಿ, ಸಾರಾಂಶ ಕೊಟ್ಟು, ಕಟ್ಟೆ ಕಳೆದುಕೊಂಡವರಿಗೆ ಪರಿಹಾರ ದೊರೆಯುತ್ತದೆಂದು ಅಭಯವನ್ನೂ ನೀಡಿತು. ನಾನು ಅಚ್ಚು ಹಾಕಿಸಿ ತಂದಿದ್ದ ಕರಡನ್ನು ಸಾಲುಸಾಲಾಗಿ ಹುಡುಕಿದೆ. ಪರಿಹಾರದ ಸುಳಿವೂ ಇರಲಿಲ್ಲ. ಇಲ್ಲಿ ಪರಿಹಾರದ ಮಾತೇ ಇಲ್ಲ, ಇದ್ದರೆ ಯಾವ ಕಲಮಿನಲ್ಲಿದೆ ತೋರಿಸು ಎಂದು ವೈಶಾಲಿಯಿಂದ ಬರೆಸಿದೆ.

"ನೀವು ಹೇಳಿದ್ದು ಸರಿ. ಕರಡಿನಲ್ಲಿ ಪರಿಹಾರದ ಪ್ರಸ್ತಾಪವಿಲ್ಲ. ತಪ್ಪಿಗಾಗಿ ಕ್ಷಮಿಸಿ" ಎಂದು ಉತ್ತರ ಬಂತು.

ಇಲ್ಲದ್ದನ್ನು ಇದೆಯೆಂದು ಹೇಳುವ ಕಲೆ ಮನುಷ್ಯರಿಗಷ್ಟೇ ಸಿದ್ಧಿಸಿದೆಯೆಂದು ತಿಳಿದಿದ್ದೆ. ಅದಿರಲಿ, "ನೀವು ಹೇಳಿದ್ದು ಸರಿ" ಎಂಬ ವಾಕ್ಯವನ್ನು ನನ್ನ ಮನೆಯ ಛಾವಣಿಯ ಕೆಳಗೆ ನಾನು ಕಂಡದ್ದು ಅದೇ ಮೊದಲು. ಇನ್ನೊಮ್ಮೆ ಕಾಣುವ ಆಸೆಯಿಂದ ಮತ್ತೆರಡು ತಪ್ಪುಗಳನ್ನು ಹುಡುಕಿ ತೋರಿಸಿದೆ.

ಗಂಗವ್ವ ಒಳಗಿನಿಂದಲೇ, "ಪಾಪ, ಅದಕ್ಕ ನಿಮ್ಮ ಪರಿಚಯ ಇನ್ನೂ ಆಗಿಲ್ಲ" ಎಂದಳು.

ಆಮೇಲೆ ಯಂತ್ರ ನನ್ನನ್ನು ವಿಚಾರಿಸಲು ಆರಂಭಿಸಿತು. ಜಾಗ ಬೀದಿಯದೇ ಆಗಿರುವುದರಿಂದ "ಕಟ್ಟೆ ನನ್ನದು" ಎಂಬ ವಾದ ನಿಲ್ಲುವುದಿಲ್ಲವಂತೆ. ಸಾರ್ವಜನಿಕರಿಗೆ ಅದರಿಂದ ಉಪಯೋಗವಿದ್ದರೆ, ಅಂಥ ಕಟ್ಟೆಗಳನ್ನು ಕಾಯ್ದೆಯಿಂದ ಕೈಬಿಡಿರೆಂದು ಕೇಳಬಹುದಂತೆ. "ನಿಮ್ಮ ಕಟ್ಟೆಯನ್ನು ಯಾರು ಯಾರು ಬಳಸುತ್ತಾರೆ?" ಎಂದು ಕೇಳಿತು.

ನಾನು ಗಂಟಲು ಸರಿಪಡಿಸಿಕೊಂಡು ಹೇಳಿದೆ: "ವೈಶಾಲಿ, ಬರಕೋ. ದಾರಿಹೋಕರು, ವೃದ್ಧರು, ಭಾರ ಹೊತ್ತು ದಣಿದ ಹೆಣ್ಣುಮಕ್ಕಳು, ಯಾರ ಬೇಕಾದ್ರೂ, ಯಾವಾಗ ಬೇಕಾದ್ರೂ, ಯಾರನ್ನೂ ಕೇಳದ ಕೂತು ದಣಿವಾರಿಸಿಕೊಳ್ಳಬಹುದು."

"ಖರೇ ಏನ್ರಿ?" ಗಂಗವ್ವ ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು. "ಮತ್ತ ದಿನಾ ಮಧ್ಯಾಹ್ನ ಬಕೀಟಲೆ ನೀರು ಸುರಿಯವರು ಯಾರ್ರಿ?"

ವೈಶಾಲಿ ಕೀಲಿಗಳ ಮೇಲೆ ಬೆರಳಿಟ್ಟುಕೊಂಡು, "ಇದನ್ನೂ ಬರೀಲೇನ್ರಿ ಮಾವಾರ?" ಎಂದಳು.

ಓದುಗರಿಗೆ ಒಂದು ವಿವರಣೆ ಕೊಡಬೇಕು. ಮಧ್ಯಾಹ್ನದ ಹೊತ್ತು ನಮ್ಮ ಕಟ್ಟೆಗೆ ಬೇವಿನ ನೆರಳು ಬೀಳುತ್ತದೆ. ಕಂಡವರೆಲ್ಲ ಬಂದು ಕೂಡುತ್ತಾರೆ, ಬುತ್ತಿ ಬಿಚ್ಚುತ್ತಾರೆ, ಮೊಬೈಲಿನಲ್ಲಿ ಊರಿಗೆಲ್ಲ ಕೇಳುವಂತೆ ಸಂಸಾರ ನಡೆಸುತ್ತಾರೆ. ಹೀಗಾಗಿ ಊಟದ ಮೊದಲು ಒಂದು ಬಕೀಟು ನೀರು ಸುರಿದು ಫರಸಿಯನ್ನು ಒದ್ದೆಯಾಗಿಡುವ ಪದ್ಧತಿಯನ್ನು ಇಟ್ಟುಕೊಂಡಿದ್ದೇನೆ. ಕೇಳಿದವರಿಗೆ ಸ್ವಚ್ಛತೆಗೆಂದು ಹೇಳುತ್ತೇನೆ. ಯಂತ್ರಕ್ಕೆ ಇದನ್ನೆಲ್ಲ ಹೇಳಿ ಗೊಂದಲ ಉಂಟುಮಾಡುವುದು ಬೇಡವೆನಿಸಿತು. "ಅದು ಮನಿಯೊಳಗಿನ ವಿಷಯ" ಎಂದೆ. ಇತರರ ಹೇಳಿಕೆಗಳನ್ನು ಜೀವಮಾನವಿಡೀ ಜರಡಿ ಹಿಡಿದ ನನ್ನ ಹೇಳಿಕೆಯನ್ನು ಯಂತ್ರ ಒಂದು ಮಾತೂ ಕೇಳದೆ ನಂಬಿಬಿಟ್ಟಿತು. ಅದರ ಬುದ್ಧಿಯ ಬಗ್ಗೆ ನನಗಿದ್ದ ಸಂಶಯ ಅಂದು ದೃಢವಾಯಿತು.

ಅರ್ಜಿ ಮಾತ್ರ ಸೊಗಸಾಗಿ ಬಂತು. ಚಿಕ್ಕದು, ವಿನಯವುಳ್ಳದ್ದು, ಬೈಗುಳವಿಲ್ಲದ್ದು. ಒಟ್ಟಿನಲ್ಲಿ ನಾನು ಬರೆದದ್ದೆಂದು ಯಾರೂ ನಂಬದಂಥದ್ದು. ವೈಶಾಲಿ ಅದನ್ನು ಸರಕಾರಕ್ಕೆ ಕಳಿಸಿದ್ದಲ್ಲದೆ, ಉಳಿದವರಿಗೂ ಮಾದರಿಯಾಗಲೆಂದು ಓಣಿಯ ವಾಟ್ಸಾಪ್ ಗುಂಪಿಗೂ ಹಾಕಿದಳು. ಮರುದಿನ ಸಂಜೆ ಚನ್ನಬಸಪ್ಪ ಬಂದವನೇ ನನ್ನ ಕೈ ಹಿಡಿದುಕೊಂಡ.

"ಏ ವೀರಪ್ಪಾ, ಏನ್ ಬರದೀಯೋ ಮಾರಾಯಾ! ಓದಿ ಕಣ್ಣಾಗ ನೀರ ಬಂತು. ಖರೇ ಹೇಳು, ಯಾರ ಮನಿ ಕಟ್ಟಿ ಅದು?"

ಗೆಳೆಯನ ಕುಹಕವನ್ನು ಸಹಿಸಬಹುದು. ಆದರೆ ಮುಂದಿನ ಮಧ್ಯಾಹ್ನ ಬಕೀಟು ಹಿಡಿದು ಹೊರಬಂದಾಗ, ಗಬ್ಬೂರಿನಿಂದ ಪೇರಲ ಹಣ್ಣು ಮಾರಲು ಬರುವ ಹೆಣ್ಣುಮಗಳು ಕಟ್ಟೆಯ ನಟ್ಟನಡುವೆ ಕಾಲು ಚಾಚಿ ಕುಳಿತಿದ್ದಳು. ಬೇರೆ ದಿನ ಬಕೀಟು ಕಂಡೊಡನೆ ಏಳುವವಳು ಅಂದು ಏಳಲಿಲ್ಲ.

"ಸುರೀಬ್ಯಾಡ್ರಿ ಯಜಮಾನ್ರ. ಯಾರ ಬೇಕಾದ್ರೂ ಕುಂದರಬಹುದಂತ ಸರಕಾರಕ್ಕ ಬರದು ಕೊಟ್ಟೀರಂತಲ್ಲ? ಆಚೀ ಮನಿ ಅಕ್ಕಾರು ಮೊಬೈಲಿನ್ಯಾಗ ಓದಿ ಹೇಳಿದ್ರು. ನಿಮ್ಮಂಥಾ ದೊಡ್ಡ ಮನಸ್ಸಿನವರು ಈಗ ಎಲ್ಲಿ ಸಿಗತಾರ್ರಿ?" ಎಂದು ಒಂದು ಹಣ್ಣನ್ನೂ ಕೈಗಿತ್ತಳು.

ಬಕೀಟಿನ ನೀರನ್ನು ಬೇವಿನ ಮರಕ್ಕೆ ಹಾಕಿ ಒಳಗೆ ಬಂದೆ. ಆ ಮರಕ್ಕೆ ನೀರಿನ ಅಗತ್ಯವಿರಲಿಲ್ಲ.

ಆ ಬಳಿಕ ನಮ್ಮ ಕಟ್ಟೆಗೆ ಬಿಡುವೆಂಬುದೇ ಇಲ್ಲ. ಮಧ್ಯಾಹ್ನ ಬಂದವರು ಸಂಜೆಯಾದರೂ ಏಳುವುದಿಲ್ಲ. ಸಂಜೆಯವರು ಅವರ ಪಕ್ಕದಲ್ಲೇ ಇರುಕಿಕೊಳ್ಳುತ್ತಾರೆ. ಚನ್ನಬಸಪ್ಪ ನಾಚಿಕೆಯಿಲ್ಲದೆ ಮುಂಚಿತವಾಗಿಯೇ ಬಂದು ಗೋಡೆಗೆ ಒರಗುವ ನನ್ನ ಜಾಗವನ್ನು ಹಿಡಿಯುತ್ತಾನೆ. ಸರಕಾರದಿಂದ ಉತ್ತರ ಬಂದಿಲ್ಲ. ಬರುತ್ತದೆಂದು ನಂಬುವಷ್ಟು ನಾನು ಓದಿದವನಲ್ಲ. ಸದ್ಯಕ್ಕೆ ಕಟ್ಟೆ ಉಳಿದಿದೆ, ನಾನು ಮಾತ್ರ ಧಾರಾವಾಹಿಗಳ ಮುಂದೆ ಕುಳಿತಿದ್ದೇನೆ. ಗಂಗವ್ವ ನನ್ನನ್ನು ನೋಡುವ ನೋಟದಲ್ಲಿ ಯಾವ ಕಾಯ್ದೆಗೂ ಇಲ್ಲದ ಕಠೋರತೆ ಇದೆ.

ನಿನ್ನೆ ಸಂಜೆ ತಡೆಯಲಾಗದೆ ನಾನೇ ಆ ಯಂತ್ರದ ಮುಂದೆ ಕುಳಿತು, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಪೂರಕ ಮನವಿಯೊಂದನ್ನು ಬರೆದುಕೊಡೆಂದು ಕೇಳಿದೆ: ಸಂಜೆಯ ಹೊತ್ತು ಕಟ್ಟೆಯು ಮನೆಯ ಯಜಮಾನನಿಗೂ ಆತನ ಒಪ್ಪಿಗೆ ಪಡೆದವರಿಗೂ ಮಾತ್ರ ಮೀಸಲಾಗಿರತಕ್ಕದ್ದು. ಯಂತ್ರ ಬಹಳ ವಿನಯದಿಂದ ಉತ್ತರಿಸಿತು: "ನಿಮ್ಮ ಹಿಂದಿನ ಮನವಿಯಲ್ಲಿ ಕಟ್ಟೆ ಎಲ್ಲರಿಗೂ ಸದಾ ಮುಕ್ತವೆಂದಿದೆ. ಎರಡರಲ್ಲಿ ಯಾವುದು ನಿಜವೆಂದು ತಿಳಿಸಿದರೆ ಬರೆಯಲು ಅನುಕೂಲವಾಗುತ್ತದೆ."

ತಕ್ಕ ಉತ್ತರಕ್ಕಾಗಿ ಯೋಚಿಸುತ್ತ ಕಿಟಕಿಯಾಚೆ ಕಣ್ಣು ಹಾಯಿಸಿದೆ. ಯಾರೋ ಎದ್ದು ಹೋಗಿ, ಚನ್ನಬಸಪ್ಪನ ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ತೆರವಾಗಿತ್ತು. ಉತ್ತರವನ್ನು ಆಮೇಲೆ ಕೊಟ್ಟರಾಯಿತೆಂದು, ಇನ್ನೊಬ್ಬ ಸಾರ್ವಜನಿಕ ಬರುವ ಮೊದಲೇ, ಮೊಣಕಾಲು ಹಿಡಿದುಕೊಂಡು ಓಡಿಹೋಗಿ ಕುಳಿತುಬಿಟ್ಟೆ.