ಕೇಂದ್ರಕ್ಕೆ ಹಾರಿದ ಸೀರೆ

ಒಂದು ದೇಶದ ನೆಮ್ಮದಿ, ಕೇಂದ್ರಕ್ಕೂ ರಾಜ್ಯಕ್ಕೂ ಅಧಿಕಾರ ಎಷ್ಟು ಅಚ್ಚುಕಟ್ಟಾಗಿ ಹಂಚಿಕೆಯಾಗಿದೆ ಎಂಬುದರ ಮೇಲೆ ನಿಂತಿದೆ. ನಮ್ಮ ಮನೆಯ ನೆಮ್ಮದಿ ಎರಡು ಕ್ಲಿಪ್ಪುಗಳ ಮೇಲೆ ನಿಂತಿತ್ತು. ಅವನ್ನು ಹಾಕಲು ನಾನು ಮರೆತೆ.

ಹಲಸೂರಿನ ನಮ್ಮ ಮನೆಯೆದುರು ಒಂದು ಸಣ್ಣ ರಸ್ತೆ, ಅದರಾಚೆ ಮಿಲಿಟರಿ ಕಾಂಪೌಂಡು. ಹೈಸ್ಕೂಲಿನಲ್ಲಿ ಪೌರನೀತಿ ಪಾಠ ಹೇಳಿ ನಿವೃತ್ತನಾದ ನಾನು, ಬಂದವರನ್ನೆಲ್ಲ ಮಹಡಿಗೆ ಹತ್ತಿಸಿ, "ನೋಡಿ, ಆ ಗೋಡೆಯಾಚೆ ಕೇಂದ್ರ, ಈಚೆ ರಾಜ್ಯ" ಎಂದು ತೋರಿಸುವುದುಂಟು. ಮನೆಯೊಳಗೂ ಇದೇ ಪದ್ಧತಿ. ಹಣಕಾಸು, ವಿದೇಶಾಂಗ, ಅಂದರೆ ನೆಂಟರಿಷ್ಟರು, ನನ್ನಾಕೆ ಸರೋಜಳ ಕೈಯಲ್ಲಿ. ಹಾಲು ತರುವುದು, ಬಟ್ಟೆ ಒಣಹಾಕುವುದು ನನ್ನ ಪಟ್ಟಿಯಲ್ಲಿ. ಮೊನ್ನೆ ಅವಳು, ತೀರಿಕೊಂಡ ತಾಯಿಯ ರೇಷ್ಮೆ ಸೀರೆ ತೆಗೆದು, "ನಾಳೆ ತಮ್ಮನ ಮಗಳ ನಿಶ್ಚಿತಾರ್ಥಕ್ಕೆ ಇದನ್ನೇ ಉಡ್ಬೇಕು, ಸ್ವಲ್ಪ ಗಾಳಿಗೆ ಹಾಕ್ರೀ" ಎಂದಳು. ಹಾಕಿದೆ. ಗಾಳಿ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಸೀರೆ ರಸ್ತೆ ದಾಟಿ ಕಾಂಪೌಂಡಿನ ಮರಕ್ಕೆ ಸಿಕ್ಕಿಕೊಂಡಿತು. ಮರದ ಬುಡ ಗೋಡೆಯಾಚೆ, ಸೀರೆ ಸಿಕ್ಕಿದ ಕೊಂಬೆ ರಸ್ತೆಯ ಮೇಲೆ.

ಗೇಟಿನ ಕಾವಲಿನವರು ಬೆಳಗಾವಿ ಕಡೆಯವರು. "ಮರ ನಮ್ದರೀ ಸರ, ಆದ್ರ ಕೊಂಬಿ ಹೊರಗೈತಿ. ಅದು ಕಾರ್ಪೊರೇಷನ್ನವ್ರದು" ಎಂದರು. ಬೀದಿ ತುದಿಯಲ್ಲಿ ಕೊಂಬೆ ಸವರಿಸುತ್ತಿದ್ದ ಕಾರ್ಪೊರೇಷನ್ನಿನ ಮೇಸ್ತ್ರಿ ಮುನಿರಾಜು, "ಬುಡ ಮಿಲಿಟರಿಯೋರ್ದು ಸಾರ್, ನಾನ್ ಹೆಂಗ್ ಕೊಕ್ಕೆ ಹಾಕ್ಲಿ?" ಎಂದರು. ಹೇಳಲು ನಾಚಿಕೆ, ನನಗೆ ಒಳಗೊಳಗೇ ಖುಷಿಯಾಯಿತು. ಕೇಂದ್ರಕ್ಕೂ ರಾಜ್ಯಕ್ಕೂ ಸೇರಿದ್ದು ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದ ಸಮವರ್ತಿ ಪಟ್ಟಿ ಮನೆಯೆದುರೇ ಜೋತಾಡುತ್ತಿತ್ತು! ಒಳಗೆ ಹೋಗಿ ಇಬ್ಬರಿಗೂ ಅನ್ವಯಿಸುವಂತೆ ಅರ್ಜಿ ಬರೆಯಲು ಕೂತೆ.

ನಾನು "ಮಾನ್ಯರೇ" ದಾಟಿ ಮೂರನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಸರೋಜ ರಸ್ತೆಗಿಳಿದಿದ್ದಳು. "ಅಣ್ಣಾ, ಅದು ನಮ್ಮಮ್ಮನ ಸೀರೆ. ಅವರದು ಅಂತ ಉಳಿದಿರೋದು ಅದೊಂದೇ" ಎಂದಳಂತೆ.

"ಅವ್ವನ ಸೀರಿ ಅಂತ ಮೊದ್ಲ ಹೇಳ್ಬಾರ್ದೇನ್ರೀ ಸರ?" ಎಂದು ಕಾವಲಿನವರು, ಅರ್ಜಿ ಹಿಡಿದು ಹೊರಬಂದ ನನ್ನನ್ನು ಗದರಿಸಿ ಒಳಗಿನವರನ್ನು ಕೂಗಿದರು. ಒಳಗಿಂದ ಒಬ್ಬರು ಏಣಿ ಹತ್ತಿ ಕೊಂಬೆ ಬಗ್ಗಿಸಿ ಹಿಡಿದರು; ಹೊರಗಿಂದ ಮುನಿರಾಜು, "ಮೆಲ್ಲಗೆ ಗುರು, ಜರಿ ಹರ್ದೋದಾತು" ಎನ್ನುತ್ತ, ಮಗುವನ್ನು ತೊಟ್ಟಿಲಿಂದ ಎತ್ತುವ ಹಾಗೆ ಕೊಕ್ಕೆಯಲ್ಲಿ ಎತ್ತಿದರು. ನಾನು ಪಾಠದಲ್ಲಿ ಎಂದೂ ಹೇಳದಿದ್ದ ಒಕ್ಕೂಟ ವ್ಯವಸ್ಥೆ ಅದು. ಎಲ್ಲರಿಗೂ ಮನಸಾರೆ ಕೈ ಮುಗಿದೆ. ಮುಗಿದ ಕೈಗಳ ನಡುವೆ ಅರ್ಜಿ ಇತ್ತು.

ಮಾರನೆಯ ದಿನ ಸರೋಜ ಆ ಸೀರೆ ಉಟ್ಟಳು. ಬಟ್ಟೆ ಒಣಹಾಕುವ ಖಾತೆ ಈಗ ಅವಳ ಬಳಿ ಇದೆ.